ಎರಡು ಬೆರಳಗಲದ ಬಟ್ಟೆ ಮತ್ತು ಕಾವೇರಿಯ ಸೆರಗು

ತುಲಾ ಸಂಕ್ರಮಣದಲ್ಲಿ ತಲಕಾವೇರಿಯ ಕುಂಡಿಕೆಯಲ್ಲಿ ತೀರ್ಥ ಉಕ್ಕಿದ ಬಳಿಕ ಕೊಡವರ ಮನೆಗಳಲ್ಲಿ ಕಣಿಪೂಜೆ ನಡೆಯುತ್ತದೆ. ತೆಂಗಿನಕಾಯಿಗೋ ಸೌತೆಕಾಯಿಗೋ ಕೆಂಪು ರೇಷ್ಮೆಯ ತುಂಡೊಂದನ್ನು ಸುತ್ತಿ, ಹೂವಿಟ್ಟು, ಒಡವೆ ತೊಡಿಸಿದರೆ ಅದೇ ಕಾವೇರಿ. ಬಲಮುರಿಯಲ್ಲಿ ಹೊಳೆಯ ರಭಸಕ್ಕೆ ಹೆಂಗಸರ ಸೀರೆಯ ನೆರಿಗೆ ಹಿಂದಕ್ಕೆ ಸರಿಯಿತೆಂದೂ, ಕೊಡವತಿಯರು ಇಂದಿಗೂ ಹಿಂಬದಿಗೆ ನೆರಿಗೆ ಹಿಡಿಯುವುದು ಅದರ ನೆನಪಿಗೆಂದೂ ಹೇಳುವ ಕಥೆ ಪ್ರತಿ ಮಗುವಿಗೂ ಗೊತ್ತು. ಹೊಳೆಗೂ ಬಟ್ಟೆಗೂ ಇಷ್ಟು ಆಪ್ತವಾದ ನಂಟನ್ನು ಕಟ್ಟಿಕೊಂಡ ನಾಡು ಬೇರೆಲ್ಲೂ ಇರಲಿಕ್ಕಿಲ್ಲ.

ಅದೇ ಅಕ್ಟೋಬರಿನಲ್ಲಿ, ಮಳೆಯ ನೀರು ಇಳಿದ ಮೇಲೆ, ಪೇಟೆಯ ಕೆಳಗೆ ಹರಿಯುವ ಯಾವುದಾದರೊಂದು ತೋಡಿನ ದಡಕ್ಕೆ ಹೋಗಿ ನೋಡಬೇಕು. ಲಂಟಾನದ ಪೊದೆಗಳಲ್ಲಿ, ಬಿದಿರಿನ ಬುಡದಲ್ಲಿ, ಕಲ್ಲಿನ ಸಂದಿಗಳಲ್ಲಿ ಬಣ್ಣಬಣ್ಣದ ಪಟ್ಟಿಗಳು ನೇತಾಡುತ್ತಿರುತ್ತವೆ. ಪ್ಲಾಸ್ಟಿಕ್ ಚೀಲಗಳ ನಡುವೆ ಅವು ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ. ಒಂದು ಬೆರಳು, ಎರಡು ಬೆರಳು, ಹೆಚ್ಚೆಂದರೆ ಮೂರು ಬೆರಳಗಲದ ಬಟ್ಟೆಯ ಚಿಂದಿ. ದರ್ಜಿಯ ಕತ್ತರಿಯಿಂದ ಜಾರಿ ನೆಲಕ್ಕೆ ಬಿದ್ದು, ಗುಡಿಸಿದ ಗೋಣಿಯಲ್ಲಿ ಕೂತು, ಇಳಿಜಾರಿನ ಕಸದ ಗುಡ್ಡೆಯಿಂದ ತೋಡಿಗಿಳಿದ ಚಿಂದಿ. ಅದು ಬಟ್ಟೆ ತಾನೆ, ಕೊಳೆತು ಹೋಗುತ್ತದೆ ಎಂಬ ಸಮಾಧಾನ ಎಲ್ಲರಲ್ಲೂ ಇದೆ. ಈ ಸಮಾಧಾನ ಸುಳ್ಳು.

2023ರಲ್ಲಿ ಜಗತ್ತು ತಯಾರಿಸಿದ ನೂಲೆಳೆ ಸುಮಾರು 12.4 ಕೋಟಿ ಟನ್. ಅದರಲ್ಲಿ ಅರ್ಧಕ್ಕಿಂತ ಹೆಚ್ಚು, ಶೇಕಡಾ 57ರಷ್ಟು, ಪಾಲಿಯೆಸ್ಟರ್. ಹತ್ತಿಯ ಪಾಲು ಐದರಲ್ಲೊಂದು. ಪಾಲಿಯೆಸ್ಟರ್ ಎಂದರೆ ನೀರಿನ ಬಾಟಲಿ ಮಾಡುವ ಪ್ಲಾಸ್ಟಿಕ್ಕನ್ನೇ ಎಳೆಯಾಗಿ ತೆಗೆದದ್ದು. ಬಾಟಲಿಯನ್ನು ಹೊಳೆಗೆ ಎಸೆಯುವ ಪ್ರವಾಸಿಯನ್ನು ಕಂಡರೆ ಕೆಂಡಕಾರುವ ಊರಿನವರು, ಅದೇ ವಸ್ತುವಿನಿಂದಾದ ರವಿಕೆಯ ತುಂಡು ತಮ್ಮ ಗೋಣಿಯಿಂದ ತೇಲಿಹೋಗುವಾಗ ತಲೆಯೆತ್ತಿಯೂ ನೋಡುವುದಿಲ್ಲ. ಬಾಟಲಿಯನ್ನಾದರೂ ಹೆಕ್ಕಿ ತೆಗೆಯಬಹುದು. ಕಲ್ಲಿಗೆ ಉಜ್ಜಿ ಉಜ್ಜಿ ಪುಡಿಯಾದ ಎಳೆಯನ್ನು ಹೆಕ್ಕುವವರು ಯಾರು?

ಈಗ ಈ ಚಿಂದಿಗೆ ಹೊಸದೊಂದು ಮೂಲ ಹುಟ್ಟಿಕೊಂಡಿದೆ. ಹೋಂಸ್ಟೇಗಳ ಜಗಲಿಯಲ್ಲಿ, ಬೇಸಿಗೆ ಶಿಬಿರಗಳಲ್ಲಿ, ಪೇಟೆಯ ಹವ್ಯಾಸಿಗಳ ಕೂಟಗಳಲ್ಲಿ ತೇಪೆಯ ಕೌದಿ ಹೊಲಿಯುವ ಹುರುಪು ಕಾಣುತ್ತಿದೆ. ಹುರುಪು ಒಳ್ಳೆಯದೇ. ಆದರೆ ಅಂಗಡಿಯಿಂದ ಹೊಚ್ಚಹೊಸ ಬಟ್ಟೆ ತಂದು, ಅಚ್ಚುಕಟ್ಟಾದ ಚೌಕಗಳಾಗಿ ಕತ್ತರಿಸಿ, ಆ ಚೌಕಗಳನ್ನು ಮತ್ತೆ ಜೋಡಿಸಿ ಹೊಲಿಯುವುದನ್ನು ಕೌದಿ ಎಂದು ಕರೆಯಬಹುದೆ? ಉತ್ತರ ಕರ್ನಾಟಕದ ಕೌದಿ ಹುಟ್ಟಿದ್ದು ಹರಿದ ಇಳಕಲ್ ಸೀರೆ, ಸವೆದ ಧೋತರ, ಮಕ್ಕಳಿಗೆ ಗಿಡ್ಡವಾದ ಅಂಗಿಗಳಿಂದ. ಯಲ್ಲಾಪುರ, ಹಳಿಯಾಳ, ಮುಂಡಗೋಡಿನ ಸಿದ್ದಿ ಹೆಣ್ಣುಮಕ್ಕಳ ಕವಂದಿಯೂ ಹಾಗೆಯೇ. ಅಂಚಿನಿಂದ ಆರಂಭಿಸಿ ನಡುವಿನತ್ತ ಸಾಗುವ ಹೊಲಿಗೆಯಲ್ಲಿ ಅವರು ಅಂಗೈಯಗಲದ ತುಂಡಿಗೂ ಜಾಗ ಕೊಡುತ್ತಾರೆ. ಕೊನೆಗೆ ನಾಲ್ಕು ಮೂಲೆಗಳಿಗೂ ಮಡಿಸಿದ ಚಿಂದಿಯ ತ್ರಿಕೋನಗಳನ್ನು ಹೂವೆಂದು ಹೊಲಿಯುತ್ತಾರೆ. ಆ ಹೂವಿಲ್ಲದ ಕವಂದಿ ಅವರ ಕಣ್ಣಿಗೆ ಬೆತ್ತಲೆ. ಚೌಕಕ್ಕೆ ಸಾಲದ ಪಟ್ಟಿಗಳು ಒಳಪದರಕ್ಕೆ ಹೋಗುತ್ತವೆ. ಉಳಿಯುವುದು ದಾರದ ತುದಿ ಮಾತ್ರ. ಚಿಂದಿಯನ್ನು ಉಳಿಸಿಕೊಳ್ಳಲೆಂದು ಬಡವರು ಕಂಡುಕೊಂಡ ಕಲೆಯನ್ನು ಉಳ್ಳವರ ಹವ್ಯಾಸವು ಚಿಂದಿ ತಯಾರಿಸುವ ಕಾರ್ಖಾನೆಯನ್ನಾಗಿ ಮಾಡಿದೆ.

ಹೀಗೆ ಉಳಿದ ಪಟ್ಟಿಗಳಿಗೆ ಗತಿ ಕಾಣಿಸಲು ಮತ್ತೊಂದು ಶಿಬಿರ! ಬಟ್ಟೆಯ ಹೂ, ಕೀಲಿಗೊಂಚಲು, ಡ್ರೀಮ್‌ಕ್ಯಾಚರ್, ಮರದಿಂದ ಮರಕ್ಕೆ ಕಟ್ಟುವ ಬಣ್ಣದ ತೋರಣ. ಇದಕ್ಕೆ ಪರಿಸರಸ್ನೇಹಿ ಎಂಬ ಹಣೆಪಟ್ಟಿ. ಕರ್ನಾಟಕ ಸರ್ಕಾರವು 2016ರ ಮಾರ್ಚ್‌ನಲ್ಲಿ ಪ್ಲಾಸ್ಟಿಕ್ ಚೀಲದ ಜೊತೆಗೆ ಪ್ಲಾಸ್ಟಿಕ್ ಬ್ಯಾನರು, ಬಂಟಿಂಗುಗಳನ್ನೂ ನಿಷೇಧಿಸಿತು. ಪಾಲಿಯೆಸ್ಟರ್ ಚಿಂದಿಯ ತೋರಣ ನೋಡುವವರಿಗೆ ಬಟ್ಟೆಯಾಗಿಯೇ ಕಾಣುತ್ತದೆ, ಯಾರೂ ಪ್ರಶ್ನಿಸುವುದಿಲ್ಲ. ಜೂನ್ ಗಾಳಿಗೆ ಅದು ಹರಿದು ಕಾಫಿ ಗಿಡಗಳ ಮೇಲೆ ಬೀಳುತ್ತದೆ, ಅಲ್ಲಿಂದ ತೋಡಿಗೆ. ಎಸೆಯಬೇಕಾದದ್ದನ್ನು ಆರು ತಿಂಗಳು ಅಲಂಕರಿಸಿ ಎಸೆಯುವುದು ಮರುಬಳಕೆಯಲ್ಲ.

ಯಾವ ಬಳಕೆಯೂ ಎಸೆಯುವುದಕ್ಕಿಂತ ಮೇಲಲ್ಲವೆ ಎಂದು ಕೇಳುವವರಿದ್ದಾರೆ. ಅಲ್ಲ. ಪಟ್ಟಿಯನ್ನು ಏನು ಮಾಡಬೇಕೆಂಬುದನ್ನು ಮಾಡುವವರ ಕಲ್ಪನೆಗಿಂತ ಮೊದಲು ಅದರ ಎಳೆ ನಿರ್ಧರಿಸಬೇಕು. ಮಣ್ಣಿಗೆ ಮರಳಬಲ್ಲ ಎಳೆಗೆ ತೋಟದಲ್ಲಿ ಕೆಲಸವುಂಟು. ಮರಳಲಾರದ ಎಳೆ ಮನೆಯೊಳಗೇ, ಹೊಲಿಗೆಯ ಒಳಗೇ ಇರಬೇಕು. ಇದೊಂದನ್ನು ಹೇಳಿಕೊಡದ ಶಿಬಿರ ಎಷ್ಟೇ ಸೃಜನಶೀಲವಾಗಿದ್ದರೂ ಕೊಡಗಿಗೆ ಬೇಡ.

ಎಳೆಯನ್ನು ಗುರುತಿಸಲು ಪ್ರಯೋಗಾಲಯ ಬೇಕಿಲ್ಲ. ಪಟ್ಟಿಯ ತುದಿಯಿಂದ ನಾಲ್ಕು ಎಳೆ ಬಿಡಿಸಿ, ಇಕ್ಕಳದಲ್ಲಿ ಹಿಡಿದು ದೀಪಕ್ಕೆ ಒಡ್ಡಿದರೆ ಸಾಕು. ಹತ್ತಿ ಕಾಗದದಂತೆ ಉರಿದು, ಮುಟ್ಟಿದರೆ ಪುಡಿಯಾಗುವ ಬೂದಿ ಬಿಡುತ್ತದೆ. ರೇಷ್ಮೆ, ಉಣ್ಣೆ ಕೂದಲು ಸುಟ್ಟ ನಾತ ಬೀರುತ್ತವೆ. ಪಾಲಿಯೆಸ್ಟರ್ ಮುದುಡಿ, ಕರಗಿ, ತೊಟ್ಟಿಕ್ಕಿ ಕೊನೆಗೆ ಗಟ್ಟಿ ಮಣಿಯಾಗುತ್ತದೆ. ಟೆರಿಕಾಟನ್ನಿನಂಥ ಬೆರಕೆ ಬಟ್ಟೆ ಸ್ವಲ್ಪ ಉರಿದು ಸ್ವಲ್ಪ ಕರಗುತ್ತದೆ. ಅದನ್ನೂ ಪಾಲಿಯೆಸ್ಟರಿನ ಗುಂಪಿಗೇ ಸೇರಿಸಬೇಕು. ಪರೀಕ್ಷೆಗೆ ನಾಲ್ಕು ಎಳೆ ಮಾತ್ರ. ಅಂಗಡಿಯ ಹಿಂದೆ ಗೋಣಿಗಟ್ಟಲೆ ಚಿಂದಿಗೆ ಬೆಂಕಿಯಿಡುವ ಅಭ್ಯಾಸಕ್ಕೆ ಇದು ಪರವಾನಗಿಯಲ್ಲ. ಬಯಲಿನಲ್ಲಿ ಕಸ ಸುಡುವವರಿಗೆ 5,000 ರೂಪಾಯಿ, ರಾಶಿ ಸುಡುವವರಿಗೆ 25,000 ರೂಪಾಯಿ ದಂಡವೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರಿನಲ್ಲೇ ಆದೇಶಿಸಿತ್ತು.

ಇನ್ನು ತೋಟದ ಮಾತು. ಮುಂಗಾರು ಹಿಡಿದೊಡನೆ ಕೊಡಗಿನಲ್ಲಿ ಕರಿಮೆಣಸಿನ ಬಳ್ಳಿ ನೆಡುವ, ಹಬ್ಬಿಸುವ ಕೆಲಸ ಶುರುವಾಗುತ್ತದೆ. ಬಳ್ಳಿಯನ್ನು ಹಾಲವಾಣಕ್ಕೋ ಸಿಲ್ವರ್ ಓಕಿಗೋ ಕಾಡುಮರಕ್ಕೋ ಒತ್ತಿ ಕಟ್ಟಬೇಕು. ಗೆಣ್ಣಿನಿಂದ ಹೊರಡುವ ಬೇರು ತೊಗಟೆಯನ್ನು ಹಿಡಿಯುವವರೆಗೆ ಆಸರೆ ಬೇಕು. ಬೇರು ಹಿಡಿದ ಮೇಲೆ ಕಟ್ಟಿನ ಅಗತ್ಯವಿಲ್ಲ. ಅಂದರೆ ಮಳೆಗಾಲವೊಂದನ್ನು ತಾಳಿಕೊಂಡು ಆಮೇಲೆ ತಾನಾಗಿ ಸಡಿಲವಾಗುವ ಕಟ್ಟು ಉತ್ತಮ. ಹಿಂದೆ ಬಾಳೆನಾರು, ತೆಂಗಿನ ಹುರಿ, ಹಳೆಯ ಸೀರೆಯ ಪಟ್ಟಿ ಈ ಕೆಲಸ ಮಾಡುತ್ತಿದ್ದವು. ಇಂದು ಅನೇಕ ತೋಟಗಳಲ್ಲಿ ಪ್ಲಾಸ್ಟಿಕ್ ಹುರಿ ಬಂದಿದೆ. ಉರುಳೆಯೊಂದು ಅಗ್ಗಕ್ಕೆ ಸಿಗುತ್ತದೆ, ಆಳಿನ ಕೈಗೆ ಬೇಗ ಒದಗುತ್ತದೆ, ನಿಜ. ಆದರೆ ಅದು ಸಡಿಲವಾಗುವುದಿಲ್ಲ. ಬಳ್ಳಿ ದಪ್ಪವಾಗುತ್ತದೆ, ಮರ ದಪ್ಪವಾಗುತ್ತದೆ, ಹುರಿ ಮಾತ್ರ ಇದ್ದಲ್ಲೇ ಇದ್ದು ಕಾಂಡವನ್ನು ಕೊರೆಯುತ್ತದೆ. ನಾಲ್ಕೈದು ವರ್ಷ ಸಾಕಿದ ಬಳ್ಳಿ ಕಟ್ಟಿನ ಮೇಲ್ಭಾಗದಲ್ಲಿ ಏಕೆ ಹಳದಿಯಾಯಿತೆಂದು ಔಷಧಿಯಂಗಡಿಗೆ ಓಡುವ ಮೊದಲು ಬೆಳೆಗಾರ ಆ ಕಟ್ಟನ್ನೊಮ್ಮೆ ಮುಟ್ಟಿನೋಡಬೇಕು. ಬಣ್ಣ ಚೆಂದವಿದೆಯೆಂದು ಪಾಲಿಯೆಸ್ಟರ್ ಪಟ್ಟಿ ಕಟ್ಟಿದವರಿಗೂ ಇದೇ ಗತಿ.

ಎರಡು ಬೆರಳಗಲದ ಹತ್ತಿಯ ಪಟ್ಟಿ ಇದಕ್ಕೆ ಹೇಳಿ ಮಾಡಿಸಿದ ವಸ್ತು. ಅಗಲವಿರುವುದರಿಂದ ಎಳೆಯ ಕಾಂಡವನ್ನು ಕೊರೆಯುವುದಿಲ್ಲ, ಒದ್ದೆಯಾದಾಗ ಗಂಟು ಬಿಗಿಯಾಗಿ ಕೂರುತ್ತದೆ, ಕೆಲಸ ಮುಗಿದ ಮೇಲೆ ಕೊಳೆತು ಬೀಳುತ್ತದೆ. ಪಟ್ಟಿ ಗಿಡ್ಡವಾಗಿದ್ದರೆ ಹೊಲಿಯಬಾರದು, ಏಕೆಂದರೆ ಇಂದಿನ ಹೊಲಿಗೆ ದಾರ ಹೆಚ್ಚಾಗಿ ಪಾಲಿಯೆಸ್ಟರೇ. ಬಟ್ಟೆ ಕೊಳೆತರೂ ದಾರ ಬಳ್ಳಿಯ ಕೊರಳಲ್ಲಿ ಉಳಿಯುತ್ತದೆ. ಎರಡೂ ಪಟ್ಟಿಗಳ ತುದಿಯಲ್ಲಿ ಗುಂಡಿಮನೆಯಷ್ಟು ಸೀಳು ಮಾಡಿ, ಒಂದರೊಳಗೆ ಇನ್ನೊಂದನ್ನು ತೂರಿ, ಅದರ ಬಾಲವನ್ನು ಅದರದೇ ಸೀಳಿನಲ್ಲಿ ಎಳೆದರೆ ಎಷ್ಟು ಮಾರುದ್ದ ಬೇಕಾದರೂ ಮಾಡಿಕೊಳ್ಳಬಹುದು. ಮಡಿಸಿ ಹೊಲಿದ ಅಂಚುಗಳನ್ನು ಮೊದಲೇ ಕತ್ತರಿಸಿ ತೆಗೆಯಬೇಕು. ಗಂಟು ಬಳ್ಳಿಯ ಮೇಲೆ ಬೀಳದೆ ಮರದ ಹಿಂಬದಿಗೆ ಬರಲಿ. ನೆಲಕ್ಕೆ ತಾಗುವಂತೆ ಬುಡದಲ್ಲಿ ಕಟ್ಟಬಾರದು; ಸೊರಗು ರೋಗದ ಶಿಲೀಂಧ್ರಕ್ಕೆ ಒದ್ದೆ ಬುಡವೆಂದರೆ ಹಬ್ಬ. ರೋಗ ತಗುಲಿದ ಬಳ್ಳಿಯ ಕಟ್ಟನ್ನು ಬಿಚ್ಚಿ ಇನ್ನೊಂದಕ್ಕೆ ಕಟ್ಟುವ ಉಳಿತಾಯವಂತೂ ಬೇಡವೇ ಬೇಡ.

ಇಲ್ಲಿ ಇನ್ನೊಂದು ಆಸೆಗೆ ಕಡಿವಾಣ ಹಾಕಬೇಕಾಗಿದೆ. ಖಾರದ ಪುಡಿ ಮತ್ತು ಎಣ್ಣೆ ಮೆತ್ತಿದ ಬಟ್ಟೆಯ ಪಟ್ಟಿಗಳನ್ನು ಹಗ್ಗಕ್ಕೆ ಕಟ್ಟಿದರೆ ಆನೆ ಬರುವುದಿಲ್ಲವೆಂಬ ಮಾತು ಆಫ್ರಿಕಾದಿಂದ ಹೊರಟು ಇಲ್ಲಿಗೂ ತಲುಪಿದೆ. ಸುಮಾತ್ರಾದಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನವೊಂದು, ರೈತರ ಕಾವಲು ಸರಿಯಾಗಿದ್ದಲ್ಲಿ ಮೆಣಸಿನಕಾಯಿಯಿಂದ ಹೆಚ್ಚುವರಿ ಪ್ರಯೋಜನ ಕಾಣಲಿಲ್ಲವೆಂದಿದೆ. ಮೇಲಾಗಿ ಕೊಡಗಿನ ಮಳೆಯಲ್ಲಿ ಆ ಖಾರ ಎಷ್ಟು ದಿನ ನಿಂತೀತು? ಆನೆಗೆ ದಾರಿ ಬಿಡದ ತೋಟ, ರೆಸಾರ್ಟುಗಳ ಪ್ರಶ್ನೆಯನ್ನು ಚಿಂದಿಯಿಂದ ಮುಚ್ಚಲಾಗದು.

ವಿದ್ಯಾರ್ಥಿಗಳಿಗೆ ಮಾತ್ರ ಈ ಪಟ್ಟಿಯಿಂದ ನಿಜವಾದ ಲಾಭವಿದೆ. 2021ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಸುಮಾರು ಸಾವಿರ ಮಂದಿ ತಲಾ ಎರಡು ಹತ್ತಿಯ ಚಡ್ಡಿಗಳನ್ನು ತಮ್ಮ ಹೊಲ, ತೋಟಗಳಲ್ಲಿ ಹೂತರು. ನಗುವ ವಿಷಯವಲ್ಲ, ಹೊರತೆಗೆದಾಗ ಬಟ್ಟೆ ಎಷ್ಟು ಕರಗಿದೆಯೆಂಬುದು ಮಣ್ಣಿನ ಜೀವಿಗಳ ಚುರುಕನ್ನು ಹೇಳುತ್ತದೆ. ಕೊಡಗಿನ ಯಾವ ಶಾಲೆಯೂ ಇದನ್ನು ಚಡ್ಡಿಯಿಲ್ಲದೆಯೇ ಮಾಡಬಹುದು. ಒಂದೇ ಹತ್ತಿ ಬಟ್ಟೆಯಿಂದ ಸಮಾನ ಅಳತೆಯ ಪಟ್ಟಿಗಳನ್ನು ಹರಿದು, ಗೇಣುದ್ದ ಆಳದಲ್ಲಿ, ದರಗು ಬಿದ್ದ ನೆರಳಿನ ಕಾಫಿ ತೋಟದಲ್ಲೊಂದು, ವರ್ಷವರ್ಷವೂ ಕಳೆನಾಶಕ ಹೊಡೆದ ನೆಲದಲ್ಲೊಂದು, ಗದ್ದೆಯ ಬದುವಿನಲ್ಲೊಂದು, ಜೆಸಿಬಿ ಮಗುಚಿದ ಗುಡ್ಡದ ಮಣ್ಣಿನಲ್ಲೊಂದು ಹೂತು, ಪಕ್ಕದಲ್ಲೇ ಪಾಲಿಯೆಸ್ಟರ್ ಪಟ್ಟಿಯನ್ನೂ ಇಟ್ಟು, ಅರುವತ್ತು ದಿನಗಳ ಬಳಿಕ ತೆಗೆದು ನೋಡಲಿ. ನೀರು ನಿಲ್ಲುವ ಜಾಗ ಬೇಡ; ಗಾಳಿಯಾಡದಲ್ಲಿ ಹತ್ತಿಯೂ ನಿಧಾನ. ದೇವರಕಾಡಿನೊಳಗೆ ಅಗೆಯುವ ಉತ್ಸಾಹವೂ ಬೇಡ. ಪಠ್ಯಪುಸ್ತಕ ವರ್ಷವಿಡೀ ಹೇಳಲಾಗದ್ದನ್ನು ಆ ಪಾಲಿಯೆಸ್ಟರ್ ಪಟ್ಟಿ, ತೊಳೆದರೆ ಹೊಸದಾಗಿ ಹೊಳೆಯುತ್ತ, ಒಂದೇ ನೋಟಕ್ಕೆ ಹೇಳೀತು.

ಹಾಗಾದರೆ ಪಾಲಿಯೆಸ್ಟರನ್ನು ಏನು ಮಾಡುವುದು? ಅದು ಶತ್ರುವೇನಲ್ಲ, ಅದರ ಜಾಗ ಬೇರೆ. ಕೊಡಗಿನ ಮಳೆಗಾಲದಲ್ಲಿ ದಪ್ಪ ಹತ್ತಿಯ ಕೌದಿ ತಿಂಗಳುಗಟ್ಟಲೆ ಒಣಗದೆ ಬೂಷ್ಟು ಹಿಡಿಯುತ್ತದೆ. ಲೈನ್ ಮನೆಯಲ್ಲಿ ಮಲಗುವವರಿಗೆ ಇದು ಗೊತ್ತು. ಒಳಪದರಕ್ಕೆ ಪಾಲಿಯೆಸ್ಟರ್ ಪಟ್ಟಿಗಳನ್ನು ಹಾಕಿ ತೆಳುವಾಗಿ ಹೊಲಿದರೆ ಬೇಗ ಒಣಗುತ್ತದೆ. ಮೂರು ಪಟ್ಟಿಗಳನ್ನು ಜಡೆಯಂತೆ ಹೆಣೆದು ಸುರುಳಿ ಸುತ್ತಿ ಹೊಲಿದರೆ ಕಾಲೊರಸು, ಇನ್ನೂ ಬಿಗಿಯಾಗಿ ಸುತ್ತಿದರೆ ತಲೆಹೊರೆಯ ಸಿಂಬಿ. ಒಲೆಯ ಬಳಿಯ ಮಸಿಬಟ್ಟೆಗೆ ಮಾತ್ರ ಹತ್ತಿಯೇ ಬೇಕು, ಬಿಸಿ ಪಾತ್ರೆಗೆ ಕರಗುವ ಬಟ್ಟೆ ಕೈಗೆ ಅಂಟುತ್ತದೆ. 2004ರ ಸುನಾಮಿಯ ನಂತರ ತಮಿಳುನಾಡಿನ ಕರಾವಳಿಯಲ್ಲಿ ದಾನವಾಗಿ ಬಂದ ಹಳೆಯ ಬಟ್ಟೆ ರಸ್ತೆ ಬದಿಯಲ್ಲಿ ರಾಶಿ ಬಿದ್ದಿತ್ತು. ದೆಹಲಿಯ ‘ಗೂಂಜ್’ ಸಂಸ್ಥೆ ಅದನ್ನು ವಿಂಗಡಿಸಿ ಬಳಕೆಗೆ ತಂದಿತು. ಅದರ ಕೆಲಸದ ಮೊದಲ ಹೆಜ್ಜೆಯೇ ವಿಂಗಡಣೆ. ಚೆಂದ ಮಾಡುವುದು ಆಮೇಲಿನದು.

ಕೊಡಗಿನಲ್ಲಿ ಕಾಣೆಯಾಗಿರುವುದು ಈ ಮೊದಲ ಹೆಜ್ಜೆ. 2000–01ರಲ್ಲಿ ಸ್ತ್ರೀಶಕ್ತಿ ಯೋಜನೆ ಬಂದಂದಿನಿಂದ ಎಷ್ಟೋ ಹೊಲಿಗೆ ತರಬೇತಿಗಳು ನಡೆದಿವೆ. ಹೊಲಿದ ಮೇಲೆ ನೆಲದಲ್ಲಿ ಉಳಿಯುವುದರ ಕುರಿತು ಆ ತರಬೇತಿಗಳಲ್ಲಿ ಒಂದು ಗಂಟೆಯ ಪಾಠವನ್ನಾದರೂ ಇಡಬಾರದೆ? ಯಂತ್ರದ ಪಕ್ಕದಲ್ಲಿ ಒಂದು ಗೋಣಿಯ ಬದಲು ಎರಡು ಗೋಣಿ. ಬಟ್ಟೆ ಕತ್ತರಿಸುವವರಿಗೆ ಅದು ಹತ್ತಿಯೋ ಅಲ್ಲವೋ ಎಂಬುದು ಕತ್ತರಿಯಿಟ್ಟ ಕ್ಷಣವೇ ಗೊತ್ತಿರುತ್ತದೆ. ರಾಶಿಯಾದ ಮೇಲೆ ಬೇರ್ಪಡಿಸುವುದು ಹತ್ತು ಪಾಲು ಕಷ್ಟ. ಈ ಕೆಲಸವನ್ನು ದರ್ಜಿ ಹೆಣ್ಣುಮಕ್ಕಳು ಪರಿಸರಪ್ರೇಮದಿಂದ ಬಿಟ್ಟಿಯಾಗಿ ಮಾಡಬೇಕೆಂದು ತೋಟದ ಮಾಲೀಕರು ನಿರೀಕ್ಷಿಸುವುದು ನ್ಯಾಯವಲ್ಲ. ಪ್ಲಾಸ್ಟಿಕ್ ಹುರಿಗೆ ಕೊಡುವ ಹಣವನ್ನು, ಎರಡು ಬೆರಳಗಲಕ್ಕೆ ಸೀಳಿ ಜೋಡಿಸಿ ಉಂಡೆ ಸುತ್ತಿದ ಹತ್ತಿಯ ಪಟ್ಟಿಗೆ ಕಿಲೋ ಲೆಕ್ಕದಲ್ಲಿ ಕೊಡಲಿ. ಗೋಣಿಕೊಪ್ಪ, ಸಿದ್ದಾಪುರ, ಶನಿವಾರಸಂತೆಯ ಸಂತೆಗಳಲ್ಲಿ ಹುರಿ ಮಾರುವವರ ಪಕ್ಕದಲ್ಲಿ ಇದಕ್ಕೂ ಒಂದು ಜಾಗವಾಗಲಿ. ಉಂಡೆಗಳು ಮೇ ತಿಂಗಳ ಒಳಗೆ ಸಿದ್ಧವಿರಬೇಕು. ಜೂನ್ ಮೊದಲ ವಾರದಲ್ಲಿ ಮಳೆ ಹಿಡಿದರೆ ಬಳ್ಳಿ ಕಟ್ಟುವ ಆಳು ಕೈಗೆ ಸಿಕ್ಕಿದ ಹುರಿಯನ್ನೇ ಎತ್ತಿಕೊಳ್ಳುತ್ತಾನೆ.