ಮುಯ್ಯಿ ಪುಸ್ತಕವನ್ನು ಮತ್ತೆ ತೆರೆಯೋಣ



‘ಆಳು ಮಾಡಿದ್ದು ಹಾಳು, ಮಗ ಮಾಡಿದ್ದು ಮಧ್ಯಮ, ತಾನು ಮಾಡಿದ್ದು ಉತ್ತಮ’ ಎಂಬ ಗಾದೆ ನಮ್ಮ ಸೀಮೆಯ ಒಕ್ಕಲು ಮನೆಗಳಲ್ಲಿ ಇಂದಿಗೂ ಕೇಳಿಬರುತ್ತದೆ. ಆದರೆ ಇಂದಿನ ಸಣ್ಣ ತೋಟಗಾರನ ಸ್ಥಿತಿಗೆ ಅದು ಪೂರ್ತಿ ಹೊಂದುವುದಿಲ್ಲ. ಆಳು ಬೇಕೆಂದ ದಿನ ಸಿಗುವುದಿಲ್ಲ. ಮಗ ಬೆಂಗಳೂರಿನಲ್ಲಿದ್ದಾನೆ. ‘ತಾನು’ ಎಂಬುವನಿಗೆ ಐವತ್ತು ದಾಟಿ ಮಂಡಿನೋವು ಬಂದಿದೆ. ಗಾದೆ ಕಟ್ಟಿದವರು ಲೆಕ್ಕಕ್ಕೆ ಹಿಡಿಯದೆ ಬಿಟ್ಟ ನಾಲ್ಕನೆಯವನೊಬ್ಬನಿದ್ದಾನೆ. ಅವನು ನೆರೆಯವನು. ಈ ಸಂಚಿಕೆಯಲ್ಲಿ ಅವನ ವಿಷಯವಾಗಿ ನಾಲ್ಕು ಮಾತು ಬರೆಯಬೇಕೆಂದು ನಮಗೆ ತೋರಿತು. ಅಡಿಕೆ ಕೊಯ್ಲು ಹತ್ತಿರ ಬಂದಾಗ ಸಂಘದ ಕಛೇರಿಗೆ ಬರುವ ಸದಸ್ಯರ ಬಾಯಲ್ಲಿ ದರದ ಮಾತಿಗಿಂತ ಮೊದಲು ಬರುವುದು ಆಳಿನ ಮಾತು.

ಚಿತ್ರದುರ್ಗ, ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು ತಾಲ್ಲೂಕುಗಳಲ್ಲಿ ಮದುವೆ ಮನೆಯ ಮುಯ್ಯಿ ಪುಸ್ತಕವನ್ನು ನೋಡದವರಿಲ್ಲ. ಯಾರು ಏನು ಓದಿಸಿದರು ಎಂದು ಅದರಲ್ಲಿ ಬರೆದಿರುತ್ತದೆ. ಅವರ ಮನೆಯ ಕಾರ್ಯ ಬಂದಾಗ ಹೆಂಗಸರು ಪೆಟ್ಟಿಗೆಯಿಂದ ಅದನ್ನು ತೆಗೆದು ನೋಡಿ, ಅಷ್ಟಕ್ಕೆ ಕಡಿಮೆಯಾಗದಂತೆ ಮುಯ್ಯಿ ತೀರಿಸುತ್ತಾರೆ. ಹೊಲ ತೋಟಗಳಲ್ಲೂ ಇದೇ ನಡೆಯುತ್ತಿತ್ತು. ನಾಟಿ, ಕಳೆ, ಒಕ್ಕಣೆ, ಮನೆಗೆ ಹೊದಿಕೆ ಹೊದಿಸುವುದು, ಬಾವಿಯ ಹೂಳೆತ್ತುವುದು, ಇವೆಲ್ಲ ಮುಯ್ಯಾಳಿನ ಮೇಲೆ ಸಾಗುತ್ತಿದ್ದವು. ಇಂದು ನಿನ್ನ ಮನೆಗೆ ನಾನು, ನಾಳೆ ನನ್ನ ಮನೆಗೆ ನೀನು. ಅಲ್ಲಿ ಕೂಲಿಯ ಮಾತಿರಲಿಲ್ಲ, ಊಟ ಮಾತ್ರ ಕೆಲಸದ ಮನೆಯವರದು. ಅಡಿಕೆ ಸುಲಿಯುವ ರಾತ್ರಿಗಳಲ್ಲಿ ಬೀದಿಯ ಹೆಂಗಸರೆಲ್ಲ ಒಂದು ಪಡಸಾಲೆಯಲ್ಲಿ ಕೂಡಿ, ಮಂಡಕ್ಕಿ ಮೆಲ್ಲುತ್ತ, ಚಹಾ ಕುಡಿಯುತ್ತ, ಡಬ್ಬದ ಲೆಕ್ಕದಲ್ಲಿ ಸುಲಿದು ಮುಗಿಸುತ್ತಿದ್ದರು.

ಈಗ ಮದುವೆಯ ಮುಯ್ಯಿ ಉಳಿದಿದೆ, ಕೆಲಸದ ಮುಯ್ಯಿ ಬಹಳ ಮಟ್ಟಿಗೆ ಹೋಗಿದೆ. ಅದು ಹೋದ ಜಾಗಕ್ಕೆ ಬಂದಿರುವುದು ಖೇಣಿ. ಮರದ ಮೇಲಿನ ಫಸಲನ್ನು ಖೇಣಿದಾರರಿಗೆ ಒಪ್ಪಿಸಿದರೆ ಕೊಯ್ಲು, ಸುಲಿತ, ಬೇಯಿಸುವುದು, ಒಣಗಿಸುವುದು ಎಲ್ಲ ಅವರದೇ. ಮುಂಗಡ ಹಣವೂ ಕೈಗೆ ಬರುತ್ತದೆ. ಖೇಣಿದಾರರನ್ನು ದೂರುವುದು ನಮ್ಮ ಉದ್ದೇಶವಲ್ಲ. ಅವರೂ ಬಂಡವಾಳ ಹಾಕಿ, ಮಳೆಗೂ ದರಕ್ಕೂ ಹೆದರಿ ವ್ಯಾಪಾರ ಮಾಡುವವರು. ಮನೆಯಲ್ಲಿ ದುಡಿಯುವ ಕೈ ಇಲ್ಲದವರಿಗೆ ಖೇಣಿ ಒಂದು ಆಸರೆಯೂ ಹೌದು. ಆದರೆ ಕೈ ಇದ್ದೂ, ಲೆಕ್ಕ ಹಾಕದೆಯೇ, ‘ಯಾರಿಗೆ ಬೇಕು ತಾಪತ್ರಯ’ ಎಂದು ಖೇಣಿ ಬರೆದುಕೊಡುವುದು ಬೇರೆ ಮಾತು.

ಲೆಕ್ಕ ಕಷ್ಟದ್ದಲ್ಲ. ಒಂದು ಕ್ವಿಂಟಾಲ್ ಹಸಿ ಅಡಿಕೆಗೆ ಸುಮಾರು 12ರಿಂದ 13 ಕೆಜಿ ರಾಶಿ ಇಳಿಯುತ್ತದೆ. ಕಾಯಿ ಬಲಿತ ಹದದ ಮೇಲೆ ಇದು ಸ್ವಲ್ಪ ಹೆಚ್ಚು ಕಡಿಮೆಯಾದೀತು. ಭೀಮಸಮುದ್ರದ ಮಾರುಕಟ್ಟೆಯ ಅಂದಿನ ರಾಶಿ ದರವನ್ನು ಕೆಜಿಗೆ ಇಳಿಸಿ 12ರಿಂದ ಗುಣಿಸಿರಿ. ಅದರಲ್ಲಿ ಖೇಣಿದಾರರು ಹಸಿ ಕ್ವಿಂಟಾಲಿಗೆ ಕೊಡುವ ಹಣವನ್ನು ಕಳೆಯಿರಿ. ಉಳಿದ ಮೊತ್ತದಲ್ಲಿ ಕೊಯ್ಲಿನ ಕೂಲಿ, ಸುಲಿತ, ಸೌದೆ, ಒಣಗಿಸುವ ಖರ್ಚು, ಖೇಣಿದಾರರ ಲಾಭ ಎಲ್ಲವೂ ಅಡಗಿವೆ. ಇವುಗಳಲ್ಲಿ ಯಾವುದನ್ನು ನಮ್ಮ ಮನೆ ಮತ್ತು ನೆರೆಮನೆ ಕೂಡಿ ಮಾಡಬಲ್ಲವು ಎಂದು ಗಂಡಹೆಂಡಿರು ಒಂದು ಸಂಜೆ ಕುಳಿತು ಗುರುತು ಹಾಕಿದರೆ ಸಾಕು. ಎಕರೆಗೆ 9 ಅಡಿ ಅಂತರದಲ್ಲಿ ಸುಮಾರು 530 ಮರ ಹಿಡಿಯುತ್ತವೆ. ಎರಡು ಎಕರೆಯವನು ಒಬ್ಬನೇ ಹಂಡೆ, ಕಣ, ಸುಲಿಯುವ ಯಂತ್ರ ಎಲ್ಲ ಮಾಡಿಕೊಂಡರೆ ಬಡ್ಡಿಯೇ ಅವನನ್ನು ತಿನ್ನುತ್ತದೆ. ನಾಲ್ಕು ಮನೆಯವರು ಕೂಡಿದರೆ ಎಂಟು ಎಕರೆಯಾಯಿತು. ಆಗ ಅದೇ ಹಂಡೆ, ಅದೇ ಯಂತ್ರ ಹೊರೆಯೆನಿಸುವುದಿಲ್ಲ.

‘ಎಲ್ಲರ ಅಡಿಕೆಯೂ ಒಟ್ಟಿಗೇ ಬಂದರೆ ಯಾರು ಯಾರಿಗೆ ಮುಯ್ಯಿ?’ ಎಂದು ಕೇಳುವವರುಂಟು. ಪ್ರಶ್ನೆ ನ್ಯಾಯವಾದದ್ದೇ. ಕೊಯ್ದ ಹಸಿ ಕಾಯನ್ನು ದಿನಗಟ್ಟಲೆ ರಾಶಿ ಹಾಕಿ ಇಡುವಂತಿಲ್ಲ. ಆದರೆ ಒಂದು ತೋಟದ ಗೊನೆಗಳೆಲ್ಲ ಒಂದೇ ದಿನ ಹದಕ್ಕೆ ಬರುವುದೂ ಇಲ್ಲ. ಹಂಗಾಮಿನಲ್ಲಿ ಮೂರು ನಾಲ್ಕು ಕೊಯ್ಲು ಆಗುತ್ತವೆ, ಒಂದಕ್ಕೂ ಇನ್ನೊಂದಕ್ಕೂ ನಡುವೆ ತಿಂಗಳ ಬಿಡುವು ಇರುತ್ತದೆ. ನಾಲ್ಕು ಮನೆಯವರು ಮೊದಲೇ ಕುಳಿತು ಸರದಿ ಗೊತ್ತು ಮಾಡಿಕೊಂಡರೆ ಆ ಬಿಡುವಿನೊಳಗೆ ನಾಲ್ಕು ತೋಟವೂ ಮುಗಿಯುತ್ತದೆ. ಕಾಫಿ ಇರುವ ಸದಸ್ಯರಿಗೂ ಈ ಮಾತು ಸಲ್ಲುತ್ತದೆ. ಅಡಿಕೆಯ ಭರಾಟೆ ಇಳಿಯುವ ಹೊತ್ತಿಗೆ ಕಾಫಿ ಹಣ್ಣಿನ ಕೊಯ್ಲು ಏರುತ್ತದೆ. ಎರಡೂ ಬೆಳೆಯವರು ಒಂದೇ ಗುಂಪಿನಲ್ಲಿದ್ದರೆ ಕೈಗಳು ಖಾಲಿ ಕೂರುವುದಿಲ್ಲ.

ಇನ್ನು ಮನೆಯಲ್ಲಿಯೇ ಮಾಡಿಕೊಳ್ಳಬಹುದಾದ ಸಾಧನಗಳ ವಿಷಯ. ಚಿತ್ತೆ, ಸ್ವಾತಿ ಮಳೆಗಳು ಸರಿಯಾಗಿ ಅಡಿಕೆ ಒಣಗಿಸುವ ಕಾಲಕ್ಕೆ ಬರುತ್ತವೆ. ಕಣದಲ್ಲಿ ಹರಡಿದ ಬೇಯಿಸಿದ ಅಡಿಕೆಯನ್ನು ಗುಡಿಸಿ ಒಳಗೆ ಹಾಕುವುದರೊಳಗೆ ಅರ್ಧ ನೆನೆದು, ಬೂಷ್ಟು ಹಿಡಿದು, ದರ ಇಳಿಯುವುದು ಪ್ರತಿ ವರ್ಷದ ಕಥೆ. ಇದಕ್ಕೆ ತೋಟದಲ್ಲಿ ಬಿದ್ದ ಮರವನ್ನು ಸೀಳಿದ ದಬ್ಬೆಯಿಂದಲೇ ಒಣಗು ಮನೆ ಕಟ್ಟಬಹುದು. ದಬ್ಬೆಯ ಚೌಕಟ್ಟಿಗೆ ಬಿಸಿಲು ತಾಳುವ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿ, ಸೊಂಟದೆತ್ತರಕ್ಕೆ ಅಟ್ಟಣಿಗೆ ಹಾಕಿ, ಎರಡು ತುದಿಯ ಮೇಲ್ಭಾಗದಲ್ಲಿ ಹಬೆ ಹೊರಹೋಗಲು ಕಿಂಡಿ ಬಿಡಬೇಕು. ಕಿಂಡಿ ಬಿಡದಿದ್ದರೆ ಒಳಗಿನ ತೇವ ಹಾಳೆಗೆ ಹತ್ತಿ ಅಡಿಕೆಯ ಮೇಲೆಯೇ ತೊಟ್ಟಿಕ್ಕುತ್ತದೆ. ನಾಲ್ಕು ಜನ ಕೈಹಾಕಿದರೆ ಇದು ಎರಡು ಮೂರು ದಿನದ ಕೆಲಸ. ಕೊಂಡು ತರಬೇಕಾದದ್ದು ಹಾಳೆ, ಮೊಳೆ, ಹಗ್ಗ ಮಾತ್ರ.

200 ಲೀಟರ್ ಡ್ರಮ್ಮಿನಲ್ಲಿ 10 ಕೆಜಿ ಸಗಣಿ, 5ರಿಂದ 10 ಲೀಟರ್ ಗಂಜಲ, ಎರಡೆರಡು ಕೆಜಿ ಬೆಲ್ಲ ಮತ್ತು ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಬದುವಿನ ಮಣ್ಣು ಹಾಕಿ ಜೀವಾಮೃತ ಮಾಡುವುದು ಈಗ ಬಹಳ ಮಂದಿಗೆ ಗೊತ್ತು. ದನ ಇರುವ ಮನೆ ಒಂದು, ಡ್ರಮ್ಮು ಇರುವ ಮನೆ ಇನ್ನೊಂದು ಆಗಿರುವುದೇ ಹೆಚ್ಚು. ಆ ಎರಡು ಮನೆಗಳ ನಡುವೆ ಮಾತು ನಿಂತಿದ್ದರೆ ಸಗಣಿ ತಿಪ್ಪೆಯಲ್ಲಿ ಒಣಗುತ್ತದೆ, ಡ್ರಮ್ಮು ಮೂಲೆಯಲ್ಲಿ ಬಿದ್ದಿರುತ್ತದೆ. ಹಳೆಯ ಸೈಕಲ್ ಚಕ್ರಕ್ಕೆ ಕುಡ ಕಟ್ಟಿ ಈರುಳ್ಳಿ, ಶೇಂಗಾ ಸಾಲಿನಲ್ಲಿ ಎಡೆ ಹೊಡೆಯುವವರು ನಮ್ಮ ಬಯಲಿನಲ್ಲಿದ್ದಾರೆ. ರೈತನೇ ತನ್ನ ಜಾಣ್ಮೆಯನ್ನು ಬರೆದು ಇತರರಿಗೆ ತಿಳಿಸಬೇಕೆಂದು ಪುತ್ತೂರಿನಲ್ಲಿ 1988ರಲ್ಲಿ ‘ಅಡಿಕೆ ಪತ್ರಿಕೆ’ ಆರಂಭವಾಯಿತು. ಬಯಲುಸೀಮೆಯ ನಮ್ಮವರಿಗೆ ಮಾಡುವುದು ಗೊತ್ತು, ಹೇಳಿಕೊಳ್ಳುವುದಕ್ಕೆ ಸಂಕೋಚ. ಈ ಸಂಕೋಚ ಹೋಗಬೇಕು.

ಒಂದು ಎಚ್ಚರಿಕೆ. ಮನೆಯಲ್ಲಿ ಮಾಡಬಾರದ ಕೆಲಸಗಳೂ ಇವೆ. ಮೋಟಾರಿನ ಸ್ಟಾರ್ಟರ್ ಪೆಟ್ಟಿಗೆ, ವಿದ್ಯುತ್ ಕಂಬದ ತಂತಿ, ಮರ ಹತ್ತುವ ಸಾಧನದ ಬೆಸುಗೆ, ಗೋಬರ್ ಗ್ಯಾಸ್ ಗುಂಡಿಗೆ ಇಳಿಯುವುದು, ಇವನ್ನು ‘ನಾವೇ ನೋಡ್ಕೊಳ್ತೀವಿ’ ಎನ್ನಬಾರದು. ಉಳಿಯುವುದು ನೂರಿನ್ನೂರು ರೂಪಾಯಿ, ಹೋಗುವುದು ಪ್ರಾಣ. ಉದ್ದ ದೋಟಿಯಲ್ಲಿ ಗೊನೆ ಇಳಿಸುವವರು ಮೇಲೆ ವಿದ್ಯುತ್ ತಂತಿ ಹಾದಿದೆಯೇ ಎಂದು ಮೊದಲು ನೋಡಬೇಕು. ಅಂಥ ತೋಟದಲ್ಲಿ ಒಬ್ಬಂಟಿಯಾಗಿ ಕೊಯ್ಲಿಗೆ ನಿಲ್ಲಲೇಬಾರದು.

ನೀರಿನ ವಿಷಯಕ್ಕೆ ಬಂದರೆ ನೆರೆಹೊರೆ ಎಂಬುದು ಬರೀ ಸೌಜನ್ಯದ ಮಾತಾಗಿ ಉಳಿಯುವುದಿಲ್ಲ. ಮಾರಿಕಣಿವೆಯ ವಾಣಿವಿಲಾಸ ಸಾಗರ 1907ರಲ್ಲಿ ಕಟ್ಟಿ ಮುಗಿದ ಕಟ್ಟೆ. ಅದು 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ. ನಡುವೆ 89 ವರ್ಷ. ಹಾಗೆ ಕೋಡಿ ಬಿದ್ದು ಬಾಗಿನ ಬಿಟ್ಟ ಮರುವರ್ಷವೇ, ಅಂದರೆ 2023ರಲ್ಲಿ, ರಾಜ್ಯದ 223 ತಾಲ್ಲೂಕುಗಳನ್ನು ಸರ್ಕಾರ ಬರಪೀಡಿತವೆಂದು ಸಾರಬೇಕಾಯಿತು. ಟ್ಯಾಂಕರ್ ನೀರು ಕೊಂಡು ಅಡಿಕೆ ಮರದ ಬುಡಕ್ಕೆ ಹಾಯಿಸಿದ ದಿನಗಳನ್ನು ಯಾರೂ ಮರೆತಿಲ್ಲ. ಕೊಳವೆಬಾವಿಯ ಸುತ್ತ ಗುಂಡಿ ತೆಗೆದು, ಕೇಸಿಂಗ್ ಪೈಪಿಗೆ ರಂಧ್ರ ಕೊರೆದು ಜಾಲರಿ ಸುತ್ತಿ, ದಪ್ಪ ಕಲ್ಲು, ಜಲ್ಲಿ, ಮರಳು ತುಂಬಿ ಮಳೆನೀರು ಇಂಗಿಸುವ ವಿಧಾನವನ್ನು ಚಿತ್ರದುರ್ಗದ ಭೂಜಲತಜ್ಞ ಎನ್. ಜೆ. ದೇವರಾಜ ರೆಡ್ಡಿಯವರು ವರ್ಷಗಳಿಂದ ಹೇಳುತ್ತ, ಮಾಡಿಸುತ್ತ ಬಂದಿದ್ದಾರೆ. ಹೀಗೆ ಇಂಗಿದ ನೀರು ಯಾರ ಪಹಣಿಯನ್ನೂ ನೋಡುವುದಿಲ್ಲ. ನಾವು ಇಂಗಿಸಿದ್ದು ನೆರೆಯವನ ಬೋರಿಗೂ ಹೋಗುತ್ತದೆ, ಅವನು ಇಂಗಿಸಿದ್ದು ನಮ್ಮದಕ್ಕೂ ಬರುತ್ತದೆ. ‘ಅವನಿಗ್ಯಾಕೆ ಲಾಭ’ ಎಂದು ಕೈಕಟ್ಟಿ ಕುಳಿತರೆ ಇಬ್ಬರ ಮೋಟಾರೂ ಗಾಳಿ ಎಳೆಯುತ್ತವೆ.

ರೋಗವೂ ಹಾಗೆಯೇ. ನಮ್ಮ ಬಯಲಿನ ತೋಟಗಳನ್ನು ಕಾಡುವ ಅಣಬೆ ರೋಗ ಬೇರಿನಿಂದ ಬೇರಿಗೆ, ಮಣ್ಣಿನಲ್ಲಿ, ಹಾಯಿಸುವ ನೀರಿನ ಜೊತೆಯಲ್ಲಿ ಸಾಗುತ್ತದೆ. ರೋಗದ ಮರದ ಸುತ್ತ ಕಾಲುವೆ ತೆಗೆದು ಪ್ರತ್ಯೇಕಿಸುವುದು, ಸತ್ತ ಮರವನ್ನು ಬೇರುಸಹಿತ ತೆಗೆದು ಸುಡುವುದು ನಾವು ಮಾಡಿ, ಬದುವಿನಾಚೆಯವನು ಮಾಡದಿದ್ದರೆ ನಮ್ಮ ಶ್ರಮ ಅರ್ಧ ವ್ಯರ್ಥ. ಕಾಫಿಯ ಕಾಯಿಕೊರಕ ಭಾರತದಲ್ಲಿ 1990ರಲ್ಲಿ ನೀಲಗಿರಿಯ ಗೂಡಲೂರಿನ ಕಡೆ ಮೊದಲು ಕಂಡು ಅಲ್ಲಿಂದ ಹಬ್ಬಿತು. ಗಿಡದಲ್ಲೂ ನೆಲದಲ್ಲೂ ಹಣ್ಣು ಉಳಿಸದೆ ಆಯುವುದು ಅದಕ್ಕೆ ಮುಖ್ಯ ಮದ್ದು. ಆದರೆ ಒಂದು ತೋಟದವನು ಆಯ್ದು ಪಕ್ಕದವನು ಬಿಟ್ಟರೆ ಹುಳು ಹಿಂದಿರುಗುತ್ತದೆ. ಬೇಲಿ ದನಕ್ಕೆ ಅಡ್ಡವಾದೀತು, ಹುಳಕ್ಕೂ ಶಿಲೀಂಧ್ರಕ್ಕೂ ಅಲ್ಲ.

ಹೀಗೆಂದು ಹಳೆಯ ಕಾಲವನ್ನು ಹಾಡಿ ಹೊಗಳುವುದು ನಮ್ಮ ಇಚ್ಛೆಯಲ್ಲ. ಹಿಂದಿನ ಮುಯ್ಯಿಯೊಳಗೆ ಜಾತಿಯ ಗೆರೆ ಇತ್ತು. ಕೇರಿಯವರು ದುಡಿಯಲು ಬರಬಹುದಾಗಿತ್ತು, ಮುಯ್ಯಿಯ ಪಂಕ್ತಿಗೆ ಬರುವಂತಿರಲಿಲ್ಲ. ಹೆಂಗಸರ ದುಡಿಮೆಯಂತೂ ಯಾವ ಲೆಕ್ಕದಲ್ಲೂ ಇರಲಿಲ್ಲ. ಹತ್ತು ಜನ ಮುಯ್ಯಾಳು ಬಂದರೆ ಹತ್ತು ಜನಕ್ಕೆ ಮುದ್ದೆ ತಿರುವಿ ಸಾರು ಕುದಿಸಿದವಳ ದಿನವನ್ನು ಯಾರೂ ದಿನವೆಂದು ಎಣಿಸಲಿಲ್ಲ. ಈಗ ಮುಯ್ಯಿ ಮತ್ತೆ ಬರುವುದಾದರೆ ಈ ಎರಡು ಕೊರತೆಗಳನ್ನು ಹೊತ್ತು ಬರಬಾರದು. ಪಕ್ಕದ ತೋಟ ಯಾರದ್ದೋ ಅವನೇ ನೆರೆಯವನು, ಅವನ ಜಾತಿ ಅವನ ಮನೆಯೊಳಗಿರಲಿ. ಕೂಲಿಗೆ ಬರುವವರಿಗೂ ಕೂಲಿಯನ್ನು ಅಂದಂದೇ ಕೊಡುವುದು ನೆರೆಹೊರೆಯ ಧರ್ಮದಲ್ಲೇ ಸೇರಿದೆ. ಅವರ ಕೂಲಿ ತಪ್ಪಿಸುವುದಕ್ಕಾಗಿ ನಾವು ಮುಯ್ಯಿ ಹೇಳುತ್ತಿಲ್ಲ. ಕೂಲಿಯವರು ಸಿಗದ ದಿನ ಬೆಳೆ ಮರದಲ್ಲೇ ಹಣ್ಣಾಗಿ ಉದುರಬಾರದೆಂದು ಹೇಳುತ್ತಿದ್ದೇವೆ.

ಜಗಳದ ಭಯವೂ ಸಹಜ. ಬದು ಒತ್ತಿದ್ದು, ಪಂಚಾಯಿತಿ ಚುನಾವಣೆಯಲ್ಲಿ ಬೇರೆ ಬೇರೆ ಕಡೆ ನಿಂತದ್ದು, ಎರವಲು ಕೊಟ್ಟ ಸಿಂಪರಣೆ ಯಂತ್ರ ಮುರಿದು ಬಂದದ್ದು, ಇಂಥವುಗಳಿಂದ ಮಾತು ಬಿಟ್ಟ ಮನೆಗಳು ಎಲ್ಲ ಊರಿನಲ್ಲೂ ಇವೆ. ಬಾಯಿಮಾತಿನ ಮುಯ್ಯಿ ಮುರಿಯುವುದು ಇಲ್ಲಿಯೇ. ಆದ್ದರಿಂದ ಬರವಣಿಗೆ ಬೇಕು. ನಮ್ಮ ಸಲಹೆ ಸರಳವಾದದ್ದು. ಒಂದೇ ಬೀದಿಯ, ಒಂದೇ ಹಳ್ಳದ ಬದಿಯ ನಾಲ್ಕೈದು ಮನೆಯವರು ಒಂದು ಪುಸ್ತಕ ಇಡಲಿ. ಗಂಡಾಳಿನ ದಿನಕ್ಕೂ ಹೆಣ್ಣಾಳಿನ ದಿನಕ್ಕೂ ಒಂದೇ ಬೆಲೆ. ಅಡಿಗೆ ಮಾಡಿದ ದಿನವೂ ದಿನವೇ. ಮರ ಹತ್ತಿದ ದಿನವನ್ನು ಎಷ್ಟಕ್ಕೆ ಹಿಡಿಯಬೇಕೆಂದು ಮೊದಲೇ ಒಪ್ಪಿಕೊಳ್ಳಲಿ. ಯಂತ್ರ ಯಾರ ಕೈಯಲ್ಲಿ ಕೆಟ್ಟಿತೋ ಅವರೇ ರಿಪೇರಿ ಮಾಡಿಸಿ ತಂದುಕೊಡಲಿ. ಹಂಗಾಮು ಮುಗಿದ ಮೇಲೆ ಎಲ್ಲರೂ ಕುಳಿತು ಲೆಕ್ಕ ನೋಡಿ, ಬಾಕಿ ಉಳಿದ ದಿನಗಳನ್ನು ಊರ ಕೂಲಿಯ ದರದಂತೆ ಹಣದಲ್ಲಿ ತೀರಿಸಿ ಪುಸ್ತಕ ಮುಚ್ಚಲಿ. ಕಾಯಿಲೆ ಬಿದ್ದ ಮನೆ, ವಿಧವೆಯ ಮನೆ, ಮಕ್ಕಳು ದೂರವಿರುವ ವೃದ್ಧರ ಮನೆ ಇದ್ದರೆ ಒಂದು ಕೊಯ್ಲನ್ನು ಬಾಕಿ ಬರೆಯದೆ ಮಾಡಿಕೊಡಲಿ. ಅದು ನಾಳೆ ನಮ್ಮ ಮನೆಯೂ ಆಗಬಹುದು.

ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿತು. ಸರ್ಕಾರ ಆಗ ಕಾಯಿದೆ ಕೊಟ್ಟಿತು, ವಿಶ್ವಾಸವನ್ನು ಊರಿನವರೇ ತರಬೇಕಾಯಿತು. ಒಬ್ಬರ ಸಾಲಕ್ಕೆ ಇನ್ನೊಬ್ಬರು ಜಾಮೀನು ನಿಲ್ಲುವಷ್ಟು ನೆರೆಯವರ ಮೇಲೆ ನಂಬಿಕೆ ಇಲ್ಲದ ಊರಿನಲ್ಲಿ ಸಹಕಾರ ಸಂಘದ ಬೋರ್ಡು ಇರಬಹುದು, ಸಹಕಾರ ಇರುವುದಿಲ್ಲ. ನಮ್ಮ ಸಂಘ ಗೊಬ್ಬರ ತರಿಸಬಲ್ಲದು, ಸಾಲ ಕೊಡಬಲ್ಲದು, ಅಡಿಕೆ ಮಾರಿಕೊಡಬಲ್ಲದು. ರಾತ್ರಿ ಹತ್ತು ಗಂಟೆಗೆ ಮಳೆ ಬಂದಾಗ ನಿಮ್ಮ ಕಣದ ಅಡಿಕೆಗೆ ತಾಡಪಾಲು ಎಳೆಯಲು ಸಂಘದ ಕಾರ್ಯದರ್ಶಿ ಬರಲಾರ. ಬರುವವನು ಪಕ್ಕದ ಮನೆಯವನೇ.

ಮುಯ್ಯಿ ಪುಸ್ತಕದ ಒಂದು ಮಾದರಿಯನ್ನು ಸಂಘದ ಕಛೇರಿಯಲ್ಲಿ ಇಟ್ಟಿದ್ದೇವೆ. ಬಂದವರು ನೋಡಿ ಬರೆದುಕೊಂಡು ಹೋಗಬಹುದು. ಗೌರಿ ಹಬ್ಬದ ಹೊತ್ತಿಗೆ ಗುಂಪು ಕೂಡಿಸಿಕೊಂಡರೆ ಈ ಹಂಗಾಮಿನ ಕೊಯ್ಲಿಗೇ ಒದಗುತ್ತದೆ. ಹಾಗೆಯೇ ತಮ್ಮ ಮನೆಯಲ್ಲಿ, ನೆರೆಮನೆಯಲ್ಲಿ ಯಾರಾದರೂ ಕೈಯಾರೆ ಮಾಡಿಕೊಂಡ ಸಾಧನವಿದ್ದರೆ, ಅದರ ಅಳತೆ ಮತ್ತು ತಗುಲಿದ ಖರ್ಚಿನ ಸಹಿತ ನಾಲ್ಕು ಸಾಲು ಬರೆದು ಕಳುಹಿಸಿರಿ. ಅಕ್ಷರ ಚೆನ್ನಾಗಿರಬೇಕೆಂದಿಲ್ಲ, ಅಳತೆ ಸರಿಯಾಗಿದ್ದರೆ ಸಾಕು. ಮುಂದಿನ ಸಂಚಿಕೆಗಳಲ್ಲಿ ಒಂದೊಂದಾಗಿ ಪ್ರಕಟಿಸುತ್ತೇವೆ.