ಅಜ್ಜ-ಅಜ್ಜಿಯ ಕಾಲಿಗೆ ಬಲ ಬರಲಿ

ಆಷಾಢದ ಜಿಟಿಜಿಟಿ ಮಳೆ ಹಿಡಿಯಿತೆಂದರೆ ಧಾರವಾಡದ ಹಿತ್ತಿಲ ಕಲ್ಲುಗಳಿಗೆ ಪಾಚಿ ಕಟ್ಟುತ್ತದೆ. ಬಚ್ಚಲ ಮುಂದಿನ ಫರಸಿ ಒಣಗುವುದೇ ಇಲ್ಲ. ಹಿರಿಯರು ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡರೆ ಎಷ್ಟೋ ಜನ ಮತ್ತೆ ಮೊದಲಿನಂತೆ ಓಡಾಡುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಅಂದಾಜಿನ ಪ್ರಕಾರ ಬೀಳುವುದರಿಂದ ಜಗತ್ತಿನಲ್ಲಿ ವರ್ಷಕ್ಕೆ 6,84,000 ಮಂದಿ ಸಾಯುತ್ತಾರೆ. ಅವರಲ್ಲಿ 60 ವರ್ಷ ದಾಟಿದವರೇ ಹೆಚ್ಚು.

ನಾವು ಬೀಳದೆ ನಿಲ್ಲುವುದು ಹೇಗೆ? ಗುರುತ್ವ ಕೇಂದ್ರದಿಂದ ಎಳೆದ ಲಂಬರೇಖೆ ಪಾದಗಳ ನಡುವಿನ ಜಾಗದಲ್ಲಿ ಬಿದ್ದರೆ ದೇಹ ಸ್ಥಿರ ಎಂದು ವಿದ್ಯಾರ್ಥಿಗಳು ಪಾಠದಲ್ಲಿ ಓದಿರುತ್ತಾರೆ. ದೇಹ ವಾಲಿದೊಡನೆ ಮಿದುಳಿಗೆ ಸುದ್ದಿ ಮುಟ್ಟಿಸುವವರು ಮೂವರು: ಕಣ್ಣು, ಒಳಕಿವಿಯ ಅರ್ಧವೃತ್ತಾಕಾರದ ನಾಳಗಳು, ಪಾದ ಮತ್ತು ಕೀಲುಗಳ ನರಗಳು. ಮಿದುಳು ಕೂಡಲೇ ಕಾಲಿನ ಸ್ನಾಯುಗಳಿಗೆ ಆಜ್ಞೆ ಕೊಡುತ್ತದೆ. ಮಕ್ಕಳೇ, ಗೋಡೆಯ ಪಕ್ಕ ಒಂಟಿಕಾಲಲ್ಲಿ ನಿಂತು ಕಣ್ಣು ಮುಚ್ಚಿ ನೋಡಿ. ಮೂವರಲ್ಲಿ ಒಬ್ಬ ಸುಮ್ಮನಾದರೆ ಏನಾಗುತ್ತದೆಂದು ತಿಳಿಯುತ್ತದೆ. ಮುಪ್ಪಿನಲ್ಲಿ ಮೂವರೂ ಮಂಕಾಗುತ್ತಾರೆ, ಸ್ನಾಯುಗಳೂ ಸೊರಗುತ್ತವೆ.

‘ಅತ್ತೀ, ನೀವು ಏಳಬ್ಯಾಡ್ರಿ, ಏನ್ ಬೇಕೋ ನಾನ ತಂದು ಕೊಡತೀನಿ’ ಎನ್ನುವುದು ನಮ್ಮ ಕಡೆಯ ಮನೆಗಳ ರೂಢಿ. ಪ್ರೀತಿಯ ಮಾತೇನೋ ಹೌದು. ಆದರೆ ಕೆಲಸವಿಲ್ಲದ ಸ್ನಾಯು ಇನ್ನಷ್ಟು ಬೇಗ ಬಲ ಕಳೆದುಕೊಳ್ಳುತ್ತದೆ. ಕೂತವರು ಎದ್ದಾಗ ಬೀಳುವ ಸಂಭವ ಹೆಚ್ಚುತ್ತದೆ.

ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದವರು 1990ರ ದಶಕದಲ್ಲಿ ಹಿರಿಯರು ಮನೆಯಲ್ಲೇ ಮಾಡುವ ವ್ಯಾಯಾಮಕ್ರಮವೊಂದನ್ನು ರೂಪಿಸಿದರು. ವಾರಕ್ಕೆ ಮೂರು ದಿನ ಅರ್ಧ ಗಂಟೆ ಕಾಲಿನ ವ್ಯಾಯಾಮ, ಎರಡು ದಿನ ನಡಿಗೆ. ಇದನ್ನು ಪಾಲಿಸಿದವರಲ್ಲಿ ಬೀಳುವ ಪ್ರಸಂಗಗಳು ಸುಮಾರು ಮೂರನೇ ಒಂದು ಪಾಲು ಕಡಿಮೆಯಾದವು.

ಇಂಥ ಮೂರು ವ್ಯಾಯಾಮಗಳು ಇಲ್ಲಿವೆ. ಗೋಡೆಗೆ ಆನಿಸಿಟ್ಟ ಗಟ್ಟಿ ಕುರ್ಚಿಯಿಂದ ನಿಧಾನವಾಗಿ ಎದ್ದು ಕೂರುವುದು. ಅಡುಗೆಮನೆಯ ಕಟ್ಟೆ ಹಿಡಿದು ನಿಂತು ಹಿಮ್ಮಡಿ ಎತ್ತಿ ಇಳಿಸುವುದು. ಗೋಡೆಗೆ ಕೈಯಾನಿಸಿ, ಒಂದು ಪಾದದ ಬೆರಳಿಗೆ ಇನ್ನೊಂದರ ಹಿಮ್ಮಡಿ ತಾಗಿಸುತ್ತ ನಡೆಯುವುದು. ಮೊದಲೆರಡನ್ನು ಐದೈದು ಸಲದಿಂದ ಆರಂಭಿಸಿ ಹತ್ತಕ್ಕೆ ಏರಿಸಬಹುದು. ಪಕ್ಕದಲ್ಲಿ ಒಬ್ಬರು ಇರಲೇಬೇಕು. ಈ ಮೊದಲು ಬಿದ್ದವರು, ತಲೆಸುತ್ತು ಬರುವವರು, ರಕ್ತದೊತ್ತಡ ಅಥವಾ ನಿದ್ದೆಯ ಮಾತ್ರೆ ನುಂಗುವವರು ಮೊದಲು ವೈದ್ಯರನ್ನು ಕೇಳಬೇಕು.

ಜೊತೆಗೆ ಪಾಚಿ ಉಜ್ಜಿ ತೆಗೆಯಿರಿ, ರಾತ್ರಿ ಬಚ್ಚಲ ದಾರಿಗೆ ದೀಪವಿರಲಿ. ವ್ಯಾಯಾಮ ನಿಲ್ಲಿಸಿದರೆ ಬಂದ ಬಲವೂ ಇಳಿಯುತ್ತದೆ. ಶಾಲೆಯಿಂದ ಬಂದ ಮೊಮ್ಮಗಳು ‘ಒಂದು, ಎರಡು’ ಎಂದು ಎಣಿಸಲು ನಿಂತರೆ ಅಜ್ಜಿ ಅಷ್ಟು ಸುಲಭವಾಗಿ ಬಿಡುವುದಿಲ್ಲ.