ಪ್ರಶ್ನೋತ್ತರ ವೇಳೆಯನ್ನು ಉಳಿಸಿ



ಲೋಕಸಭೆಯ ಪ್ರಶ್ನೋತ್ತರ ವೇಳೆ ಗದ್ದಲದಲ್ಲಿ ಮುಳುಗುವುದನ್ನು ನೋಡಿದಾಗಲೆಲ್ಲ ಸಂಕಟವಾಗುತ್ತದೆ. ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆಗಳು ಪಟ್ಟಿಯಲ್ಲಿರುತ್ತವೆ. ಇವಕ್ಕೆ ಸಚಿವರು ಎದ್ದು ನಿಂತು ಉತ್ತರಿಸಬೇಕು, ಸದಸ್ಯರು ಉಪಪ್ರಶ್ನೆ ಕೇಳಬಹುದು. ಕಲಾಪ ಮುಂದೂಡಿದರೆ ಲಿಖಿತ ಉತ್ತರವೇನೋ ಸಿಗುತ್ತದೆ, ಉಪಪ್ರಶ್ನೆಯ ಅವಕಾಶ ಹೋಗಿಬಿಡುತ್ತದೆ. ಸಚಿವರ ಬೆವರಿಳಿಸುವುದು ಆ ಉಪಪ್ರಶ್ನೆಯೇ.

ಸದನದಲ್ಲಿ ಒಬ್ಬ ಸದಸ್ಯ ಸರ್ಕಾರವನ್ನು ಲೆಕ್ಕ ಕೇಳಿದರೆ ಏನಾಗುತ್ತದೆಂಬುದಕ್ಕೆ ಹಳೆಯ ಉದಾಹರಣೆಯಿದೆ. 1963ರಲ್ಲಿ ಉಪಚುನಾವಣೆಯಲ್ಲಿ ಗೆದ್ದು ಬಂದ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ, ದೇಶದ ಬಹುಪಾಲು ಜನ ದಿನಕ್ಕೆ ಮೂರಾಣೆಯಲ್ಲಿ ಬದುಕುತ್ತಿದ್ದಾರೆಂದು ಲೋಕಸಭೆಯಲ್ಲಿ ಹೇಳಿದರು. ಸರ್ಕಾರ 15 ಆಣೆ ಎಂದಿತು. ಭಾರಿ ಬಹುಮತವಿದ್ದ ನೆಹರೂ ಸರ್ಕಾರವೂ ಲೆಕ್ಕ ಕೊಡಬೇಕಾಯಿತು. 2020ರ ಮುಂಗಾರು ಅಧಿವೇಶನದಲ್ಲಾದರೋ ಕೋವಿಡ್ ಕಾರಣಕ್ಕೆ ಪ್ರಶ್ನೋತ್ತರ ವೇಳೆಯನ್ನೇ ಕೈಬಿಡಲಾಯಿತು; ಕೃಷಿ ಮಸೂದೆಗಳು ಅಂಗೀಕಾರವಾದದ್ದು ಅದೇ ಅಧಿವೇಶನದಲ್ಲಿ. ಪ್ರಶ್ನೋತ್ತರ ವೇಳೆಯನ್ನು ಹೀಗೆ ಕೈಬಿಟ್ಟದ್ದು ಸರಿಯಲ್ಲ.

ಅಡಿಕೆಯ ಎಲೆಚುಕ್ಕಿ ರೋಗಕ್ಕೆ ಕೇಂದ್ರ ಏನು ಮಾಡುತ್ತಿದೆ ಎಂದು ನಮ್ಮ ಮಲೆನಾಡಿನ ರೈತ ತಿಳಿಯಬೇಕಾದದ್ದು ಸದನದಲ್ಲಿ ಸಚಿವರು ಕೊಡುವ ಉತ್ತರದಿಂದ. ಗದ್ದಲದಿಂದ ತಪ್ಪಿದ ಪ್ರಶ್ನೆಗಳನ್ನು ಮರುದಿನ ಮೌಖಿಕ ಉತ್ತರಕ್ಕೆ ಎತ್ತಿಕೊಳ್ಳುವಂತೆ ಸಭಾಧ್ಯಕ್ಷರು ನಿಯಮ ತರಲಿ. ವಿರೋಧ ಪಕ್ಷದವರೂ ಪ್ರಶ್ನೋತ್ತರ ವೇಳೆಯ ಆ ಒಂದು ಗಂಟೆ ಸಭಾಧ್ಯಕ್ಷರ ಪೀಠದ ಮುಂದೆ ಧರಣಿ ಕೂರದಿರಲಿ. ರಾಜ್ಯದ 28 ಲೋಕಸಭಾ ಸದಸ್ಯರು, ಪಕ್ಷ ಯಾವುದೇ ಇರಲಿ, ಇದಕ್ಕಾಗಿ ದನಿ ಎತ್ತಬೇಕೆಂದು ವಿನಂತಿಸುತ್ತೇನೆ.

– ಓದುಗ, ತೀರ್ಥಹಳ್ಳಿ